ಘಜ್ನಿಯಿಂದ ಮಕ್ಕಾ ಯಾವ ದಿಕ್ಕಿಗೆ?

ಪ್ಲೇಸ್‌ಮೆಂಟ್ ಸೀಸನ್ ಶುರುವಾದರೆ ಸಾಕು, ಕ್ಯಾಂಪಸ್ಸಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. ಐದು ವರ್ಷದ ನಂತರ ನೀನು ಎಲ್ಲಿರ್ತೀಯ? ಮಾಕ್ ಇಂಟರ್‌ವ್ಯೂ ಮಾಡಿಸುವವರು ಇದಕ್ಕೊಂದು ಸಿದ್ಧ ಉತ್ತರವನ್ನೂ ಬಾಯಿಪಾಠ ಮಾಡಿಸುತ್ತಾರೆ. ಸಿವಿಲ್ ಮೂರನೇ ವರ್ಷದಲ್ಲಿರುವ ನನಗೆ ಈ ಪ್ರಶ್ನೆ ಇನ್ನೂ ಸ್ವಲ್ಪ ತೊಡಕಿನದು. ನಾನು ಬಿ.ಇ. ಮುಗಿಸಿದ ಕೂಡಲೇ ದುಬೈಗೋ ದೋಹಾಕ್ಕೋ ಸೈಟ್ ಎಂಜಿನಿಯರ್ ಆಗಿ ಹೋಗಬೇಕು ಎಂಬುದು ವಿಜಯಪುರದಲ್ಲಿ ಗೌಂಡಿ ಕೆಲಸ ಮಾಡುವ ಅಬ್ಬಾನ ಆಸೆ. ತಂಗಿಯರಿಬ್ಬರ ಓದು ಇನ್ನೂ ಬಾಕಿ ಇದೆ. ನನಗೋ ಗೇಟ್ ಬರೆದು ಜಿಯೊಮ್ಯಾಟಿಕ್ಸ್‌ನಲ್ಲಿ ಎಂ.ಟೆಕ್. ಮಾಡುವ ಹಂಬಲ. ಇಬ್ಬರದೂ ನ್ಯಾಯವೇ. ಗುರಿ ಅಂದರೇನು, ಅದನ್ನು ಇಟ್ಟುಕೊಳ್ಳುವುದು ಹೇಗೆ ಎಂದು ತಲೆ ಕೆಡಿಸಿಕೊಂಡಿದ್ದ ಈ ದಿನಗಳಲ್ಲೇ ಸಾವಿರ ವರ್ಷದ ಹಿಂದಿನ ಒಬ್ಬ ಸರ್ವೇಯರ್‌ನ ಬದುಕಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಹೋದೆ. ಅವರ ಹೆಸರು ಅಬೂ ರೈಹಾನ್ ಅಲ್-ಬೀರೂನಿ.

ನಮ್ಮ ಇತಿಹಾಸ ಪಠ್ಯದಲ್ಲಿ ಈ ಹೆಸರು ಒಂದೇ ಸಾಲಿನಲ್ಲಿ ಬಂದು ಹೋಗುತ್ತದೆ: ಘಜ್ನಿ ಮಹಮ್ಮದನ ಜೊತೆ ಭಾರತಕ್ಕೆ ಬಂದ ವಿದ್ವಾಂಸ ಎಂದು. ಆ ಒಂದು ಸಾಲಿನಿಂದ ಬೀರೂನಿಯವರಿಗೆ ಎಷ್ಟು ಅನ್ಯಾಯವಾಗಿದೆ ಎಂದು ಗೊತ್ತಾಗಲು ನನಗೆ ಇಪ್ಪತ್ತು ವರ್ಷ ಬೇಕಾಯಿತು.

ಅವರು ಹುಟ್ಟಿದ್ದು 973ರಲ್ಲಿ, ಖ್ವಾರಜಂ ಪ್ರಾಂತ್ಯದ ಕಾತ್ ಎಂಬ ಪಟ್ಟಣದ ಹೊರವಲಯದಲ್ಲಿ. ಈಗ ಅದು ಉಜ್ಬೇಕಿಸ್ತಾನದಲ್ಲಿದೆ. ಬೀರೂನ್ ಎಂದರೆ ಪಾರ್ಸಿ ಭಾಷೆಯಲ್ಲಿ ಹೊರಗೆ ಎಂದರ್ಥ. ಊರ ಹೊರಗಿನವನು ಬೀರೂನಿ. ಹುಡುಗನಾಗಿದ್ದಾಗ ಅಲ್ಲಿ ನೆಲೆಸಿದ್ದ ಒಬ್ಬ ಗ್ರೀಕನ ಬಳಿಗೆ ಕಾಳು, ಹಣ್ಣು, ಗಿಡಗಳನ್ನು ಒಯ್ದು, ಇದಕ್ಕೆ ನಿಮ್ಮ ಭಾಷೆಯಲ್ಲಿ ಏನನ್ನುತ್ತೀರಿ ಎಂದು ಕೇಳಿ ಬರೆದಿಟ್ಟುಕೊಳ್ಳುತ್ತಿದ್ದರಂತೆ. ಈ ಚೀಟಿಗಳ ವಿಷಯ ನೆನಪಿಡಿ, ಮುಂದೆ ಮತ್ತೆ ಬರುತ್ತದೆ. ಅವರ ಗುರು ಅಬೂ ನಸ್ರ್ ಮನ್ಸೂರ್. ಆಳುವ ಮನೆತನದವರು, ಜೊತೆಗೆ ಗಣಿತಜ್ಞ. ಗುರುವಿನ ದೆಸೆಯಿಂದ ಈ ಹುಡುಗನಿಗೆ ತ್ರಿಕೋನಮಿತಿ ಕೈವಶವಾಯಿತು. 990ರಲ್ಲಿ, ಸುಮಾರು 17ನೇ ವಯಸ್ಸಿನಲ್ಲಿ, ಮಧ್ಯಾಹ್ನದ ಸೂರ್ಯನ ಎತ್ತರ ಅಳೆದು ತನ್ನ ಊರಿನ ಅಕ್ಷಾಂಶ ಕಂಡುಹಿಡಿದರು. ಪಿಯುಸಿ ಓದುವ ವಯಸ್ಸು ಅದು.

ಅಲ್ಲಿಂದಲೇ ಅವರ ಗುರಿ ಹುಟ್ಟಿತು ಎಂದು ನನಗನ್ನಿಸುತ್ತದೆ. ಊರುಗಳು ಭೂಮಿಯ ಮೇಲೆ ನಿಜವಾಗಿ ಎಲ್ಲೆಲ್ಲಿವೆ ಎಂಬುದನ್ನು ಸರಿಯಾಗಿ ತಿಳಿಯಬೇಕು. ಕೇಳಿದ್ದನ್ನು ನಂಬಿಕೊಂಡು ಕೂರಬಾರದು, ಅಳೆಯಬೇಕು. ದಾರಿಹೋಕರು, ವ್ಯಾಪಾರಿಗಳನ್ನೆಲ್ಲ ವಿಚಾರಿಸಿ ಊರಿಂದೂರಿಗೆ ದೂರ ಸಂಗ್ರಹಿಸಿದರು. ಅವನ್ನು ಗುರುತಿಸಲು ಹತ್ತು ಮೊಳ ವ್ಯಾಸದ ಒಂದು ಅರ್ಧಗೋಳವನ್ನೇ ಮಾಡಿದರು. ಸೂರ್ಯನನ್ನು ಅಳೆಯಲು ಹದಿನೈದು ಮೊಳದ ದೊಡ್ಡ ಉಂಗುರ ನಿಲ್ಲಿಸಿದರು. ಅಷ್ಟರಲ್ಲಿ, 995ರಲ್ಲಿ, ಖ್ವಾರಜಂನಲ್ಲಿ ಅಧಿಕಾರಕ್ಕಾಗಿ ಕಾದಾಟವಾಯಿತು. ಗುರುವಿನ ಮನೆತನ ಉರುಳಿತು. 22 ವರ್ಷದ ಬೀರೂನಿ ತಲೆಮರೆಸಿಕೊಂಡು ಓಡಬೇಕಾಯಿತು. ಗೋಳವೂ ಹೋಯಿತು, ಟಿಪ್ಪಣಿಗಳೂ ಹೋದವು.

ಹೀಗೆ ಓಡಿದವರು ಸೇರಿದ್ದು ಇಂದಿನ ತೆಹರಾನ್ ಪಕ್ಕದ ರಯ್ ಪಟ್ಟಣಕ್ಕೆ. ಕೈಯಲ್ಲಿ ಕಾಸಿಲ್ಲ, ಬೆನ್ನಿಗೆ ಆಶ್ರಯದಾತ ಇಲ್ಲ. ಅಲ್ಲಿನ ಒಬ್ಬ ಜ್ಯೋತಿಷಿಯ ಜೊತೆ ಯಾವುದೋ ಲೆಕ್ಕದ ವಿಷಯಕ್ಕೆ ಮಾತು ಬಂದಾಗ ಆತ ಇವರನ್ನು ತೃಣವಾಗಿ ಕಂಡು ಗದರಿಸಿದ. ಇವರಿಗಿಂತ ಅವನ ತಿಳಿವಳಿಕೆ ಎಷ್ಟೋ ಕಡಿಮೆಯಿತ್ತು, ದುಡ್ಡು ಮಾತ್ರ ಹೆಚ್ಚಿತ್ತು. ಮುಂದೆ ಬೀರೂನಿಯವರ ಸ್ಥಿತಿ ಸುಧಾರಿಸಿದ ಮೇಲೆ ಅದೇ ಮನುಷ್ಯ ಸ್ನೇಹಕ್ಕೆ ಬಂದನಂತೆ. ಬಡತನ ಇದ್ದಾಗ ಗುಣವೂ ದೋಷವಾಗಿ ಕಾಣುತ್ತದೆ ಎಂಬ ಅರ್ಥದ ಮಾತನ್ನು ಅವರು ತಮ್ಮ ಪುಸ್ತಕದಲ್ಲೇ ಸೇರಿಸಿದ್ದಾರೆ. ಇಂಟರ್‌ವ್ಯೂ ಕೋಣೆಯಲ್ಲಿ ನಮ್ಮ ಇಂಗ್ಲಿಷ್ ಕೇಳಿ ಮುಖ ಸಿಂಡರಿಸುವವರನ್ನು ಕಂಡಾಗ ನನಗೆ ಆ ಜ್ಯೋತಿಷಿ ನೆನಪಾಗುತ್ತಾನೆ.

ಆದರೆ ಕೆಲಸ ನಿಲ್ಲಲಿಲ್ಲ. 997ರ ಮೇ 24ರಂದು ಚಂದ್ರಗ್ರಹಣವಿತ್ತು. ಅಷ್ಟರಲ್ಲಿ ಕಾತ್‌ಗೆ ಮರಳಿದ್ದ ಬೀರೂನಿ, ಬಾಗ್ದಾದಿನಲ್ಲಿದ್ದ ಹಿರಿಯ ಗಣಿತಜ್ಞ ಅಬುಲ್ ವಫಾ ಜೊತೆ ಮೊದಲೇ ಮಾತಾಡಿಕೊಂಡು, ಒಂದೇ ಗ್ರಹಣವನ್ನು ಇಬ್ಬರೂ ತಮ್ಮ ತಮ್ಮ ಊರಿನಿಂದ ನೋಡಿ ಸಮಯ ಬರೆದಿಡುವ ಏರ್ಪಾಡು ಮಾಡಿದ್ದರು. ಚಂದ್ರಗ್ರಹಣ ಎಲ್ಲ ಊರಿಗೂ ಒಂದೇ ಕ್ಷಣಕ್ಕೆ ಆಗುತ್ತದೆ, ಆದರೆ ಸ್ಥಳೀಯ ಗಂಟೆ ಬೇರೆ ಬೇರೆ. ಭೂಮಿ 24 ಗಂಟೆಗೆ 360 ಡಿಗ್ರಿ ಸುತ್ತುವುದರಿಂದ ಒಂದು ಗಂಟೆಯ ವ್ಯತ್ಯಾಸ ಎಂದರೆ 15 ಡಿಗ್ರಿ ರೇಖಾಂಶ. ಎರಡೂ ಊರುಗಳ ನಡುವೆ ಸುಮಾರು ಒಂದು ಗಂಟೆಯ ಅಂತರ ಸಿಕ್ಕಿತು. ಫೋನಿಲ್ಲ, ಟಪಾಲು ತಲುಪಲು ತಿಂಗಳುಗಟ್ಟಲೆ. ಇಷ್ಟಾದರೂ ಇಬ್ಬರು ಮನುಷ್ಯರು ಒಂದೇ ರಾತ್ರಿ ಒಂದೇ ಚಂದ್ರನನ್ನು ನೋಡಿ ಭೂಮಿ ಅಳೆದರು. ನಮ್ಮ ಗ್ರೂಪ್ ಪ್ರಾಜೆಕ್ಟ್‌ನಲ್ಲಿ ನಾಲ್ಕು ಜನ ಒಂದೇ ಹಾಸ್ಟೆಲಿನಲ್ಲಿದ್ದೂ ಒಟ್ಟಿಗೆ ಕೂರಲಾಗುವುದಿಲ್ಲ!

ಮುಂದಿನ ಕೆಲ ವರ್ಷ ಕ್ಯಾಸ್ಪಿಯನ್ ಸಮುದ್ರದ ಬಳಿಯ ಗುರ್ಗಾನಿನ ದೊರೆ ಕಾಬೂಸ್‌ನ ಆಸ್ಥಾನದಲ್ಲಿದ್ದರು. ಬೇರೆ ಬೇರೆ ಜನಾಂಗಗಳ ಪಂಚಾಂಗ, ಹಬ್ಬ, ಶಕೆಗಳ ಕುರಿತ ದೊಡ್ಡ ಗ್ರಂಥವನ್ನು ಸುಮಾರು 1000ದಲ್ಲಿ ಬರೆದರು. ಆಗ ಅವರಿಗೆ 27 ವರ್ಷ. ಬಯಲಿನಲ್ಲಿ ಒಂದು ಡಿಗ್ರಿಯಷ್ಟು ದೂರ ನಡೆದು ಭೂಮಿಯ ಸುತ್ತಳತೆ ಲೆಕ್ಕಹಾಕುವ ಯೋಜನೆಯೂ ಇತ್ತು. ಅದಕ್ಕೆ ಬೇಕಾದ ಬೆಂಬಲ ಸಿಗಲಿಲ್ಲ. ಆಮೇಲೆ ಮತ್ತೆ ಖ್ವಾರಜಂ, ಅಲ್ಲಿನ ಹೊಸ ಶಾಹನ ಸಲಹೆಗಾರನ ಹುದ್ದೆ, ರಾಜಕೀಯದ ಜಂಜಾಟ. 1017ರಲ್ಲಿ ಘಜ್ನಿ ಮಹಮ್ಮದ್ ಖ್ವಾರಜಂ ಗೆದ್ದು, ಅಲ್ಲಿನ ವಿದ್ವಾಂಸರನ್ನೂ ಗೆದ್ದ ಸಾಮಾನಿನ ಜೊತೆ ತನ್ನ ರಾಜಧಾನಿಗೆ ಸಾಗಿಸಿದ. ಆ ಗುಂಪಿನಲ್ಲಿ 44ರ ಹರೆಯದ ಬೀರೂನಿಯೂ ಇದ್ದರು.

ಇನ್ನು ಬರುವುದು ನನಗೆ ಅತ್ಯಂತ ಇಷ್ಟವಾದ ಭಾಗ. 1018ರ ಅಕ್ಟೋಬರ್ 14, ಕಾಬೂಲಿನ ಹತ್ತಿರದ ಒಂದು ಹಳ್ಳಿ. ತಮ್ಮ ಕಷ್ಟವನ್ನು ಪ್ರವಾದಿ ನೂಹ್ ಮತ್ತು ಲೂತ್ ಅವರು ಪಟ್ಟ ಪಾಡಿಗೆ ಹೋಲಿಸಿ ಬರೆದುಕೊಳ್ಳುವಷ್ಟು ನೊಂದಿದ್ದ ದಿನಗಳು. ಕೈಯಲ್ಲಿ ಒಂದು ಉಪಕರಣವೂ ಇಲ್ಲ, ಮಾಡಿಕೊಳ್ಳಲು ಸಾಮಗ್ರಿಯೂ ಇಲ್ಲ. ಲೆಕ್ಕ ಮಾಡುವ ಹಲಗೆಯೊಂದಿತ್ತು. ಅದನ್ನೇ ತಿರುಗಿಸಿ, ಹಿಂಬದಿಯಲ್ಲಿ ವೃತ್ತದ ಕಾಲುಭಾಗ ಎಳೆದು, ಡಿಗ್ರಿ ಗೆರೆಗಳನ್ನು ಹಾಕಿ, ತೂಕ ಕಟ್ಟಿದ ದಾರವನ್ನು ಇಳಿಬಿಟ್ಟು ಸೂರ್ಯನ ಎತ್ತರ ಅಳೆದರು. ಗೋಡೆ ನೆಟ್ಟಗಿದೆಯೇ ಎಂದು ನೋಡಲು ಅಬ್ಬಾ ಇಳಿಬಿಡುವುದೂ ಇಂಥದ್ದೇ ದಾರವನ್ನು. ಹೀಗೆ ಆ ಹಳ್ಳಿಯ ಅಕ್ಷಾಂಶ ಸಿಕ್ಕಿತು. ಅದರಿಂದ ಆ ದಿನ ಅವರಿಗೆ ಸಂಬಳ ಬರುತ್ತಿರಲಿಲ್ಲ, ಬಿಡುಗಡೆಯೂ ಆಗುತ್ತಿರಲಿಲ್ಲ. ಊರು ಬದಲಾಗಿತ್ತು, ದೊರೆ ಬದಲಾಗಿದ್ದ, ಹದಿನೇಳರ ಹುಡುಗ ಹಿಡಿದ ಕೆಲಸ ಮಾತ್ರ ಅದೇ ಆಗಿತ್ತು.

ಘಜ್ನಿಯಲ್ಲಿ ಆ ಕೆಲಸಕ್ಕೆ ಒಂದು ಸ್ಪಷ್ಟ ರೂಪ ಬಂತು. ನಮಾಜು ಮಾಡುವಾಗ ಮಕ್ಕಾದ ಕಾಬಾದತ್ತ ಮುಖ ಮಾಡಬೇಕು. ಆ ದಿಕ್ಕೇ ಕಿಬ್ಲಾ. ಹಾಗಾದರೆ ಘಜ್ನಿಯಿಂದ ಕಿಬ್ಲಾ ನಿಖರವಾಗಿ ಯಾವ ಕಡೆಗೆ? ಇದಕ್ಕೆ ಉತ್ತರ ಬೇಕೆಂದರೆ ಎರಡೂ ಊರುಗಳ ಅಕ್ಷಾಂಶ ಬೇಕು, ನಡುವಿನ ರೇಖಾಂಶದ ಅಂತರ ಬೇಕು, ಆಮೇಲೆ ಗೋಳದ ಮೇಲಿನ ತ್ರಿಕೋನ ಬಿಡಿಸಬೇಕು. ಅಂದಾಜಿಗೆ ಪಶ್ಚಿಮ ಎಂದು ನಿಂತರೂ ನಮಾಜು ಆಗುತ್ತದೆ, ದೇವರು ಯಾರನ್ನೂ ಶಕ್ತಿ ಮೀರಿ ಹೊಣೆ ಮಾಡುವುದಿಲ್ಲ ಎಂಬುದು ನಮ್ಮ ನಂಬಿಕೆ. ಆದರೆ ಶಕ್ತಿ ಇದ್ದವನು ಅಂದಾಜಿಗೆ ನಿಲ್ಲಬಹುದೇ? ಬೀರೂನಿ ನಿಲ್ಲಲಿಲ್ಲ. ಬಾಗ್ದಾದಿನಿಂದ ಘಜ್ನಿಯವರೆಗೆ ಊರಿಂದ ಊರಿಗೆ ಕೊಂಡಿ ಹಾಕುತ್ತಾ, ಸಾರ್ಥವಾಹರ ದಾರಿಯ ದೂರಗಳನ್ನು ಸೋಸಿ ತಿದ್ದುತ್ತಾ, ಅಕ್ಷಾಂಶಗಳನ್ನು ಒರೆಗೆ ಹಚ್ಚುತ್ತಾ ಲೆಕ್ಕ ಮಾಡಿದರು. ಊರುಗಳ ಸ್ಥಾನ ನಿರ್ಧರಿಸುವ ಆ ಗ್ರಂಥ, ತಹದೀದ್, ಮುಗಿದದ್ದು 1025ರಲ್ಲಿ. ಅದೇ ವರ್ಷ ಅವರ ಸುಲ್ತಾನ ಸೋಮನಾಥದತ್ತ ದಂಡು ಹೊರಡಿಸಿದ. ಒಂದೇ ಊರಿನಲ್ಲಿ, ಒಂದೇ ಧರ್ಮದ ಇಬ್ಬರು ಮನುಷ್ಯರು ಆ ವರ್ಷ ಮಾಡಿದ ಕೆಲಸ ಇಷ್ಟು ಬೇರೆ ಬೇರೆ.

ಕುತೂಹಲಕ್ಕೆ ನಾನೂ ಅದೇ ಸೂತ್ರ ಹಾಕಿ ವಿಜಯಪುರದ ಲೆಕ್ಕ ಮಾಡಿದೆ. ನೇರ ಪಶ್ಚಿಮದಿಂದ ಉತ್ತರಕ್ಕೆ ಸುಮಾರು 13-14 ಡಿಗ್ರಿ ವಾಲುತ್ತದೆ. ಘಜ್ನಿಯದು ಪಶ್ಚಿಮದಿಂದ ದಕ್ಷಿಣಕ್ಕೆ ವಾಲುತ್ತದೆ. ಈಗ ಮೊಬೈಲ್ ಆ್ಯಪ್ ಒಂದು ಸೆಕೆಂಡಿನಲ್ಲಿ ಬಾಣ ತೋರಿಸುತ್ತದೆ. ಆದರೆ ನಾಲ್ಕು ಪುಟ ಲೆಕ್ಕ ಮಾಡಿ ಆ ಬಾಣವನ್ನು ಪಡೆದಾಗ ಸಿಗುವ ಖುಷಿಯೇ ಬೇರೆ.

ಇಂಥ ವಿದ್ಯೆಯೆಲ್ಲ ಧರ್ಮಕ್ಕೆ ಹೊರಗು ಎಂದು ಮೂಗು ಮುರಿಯುವವರು ಆಗಲೂ ಇದ್ದರು. ಆಕಾಶ, ಭೂಮಿಗಳ ರಚನೆಯ ಬಗ್ಗೆ ಚಿಂತಿಸಿ ಎಂದು ಕುರ್‌ಆನ್ ಹೇಳುವಾಗ, ಅದಕ್ಕೆ ಬೇಕಾದ ಗಣಿತವನ್ನು ಬೇಡ ಎನ್ನುವುದು ಹೇಗೆ ಎಂಬುದು ಬೀರೂನಿಯವರ ನಿಲುವು. ಒಂದು ಪ್ರಸಂಗ ಇದೆ. ನಮಾಜಿನ ಹೊತ್ತು ತಿಳಿಯುವ ಒಂದು ಉಪಕರಣದ ಮೇಲೆ ರೋಮನ್ನರ ತಿಂಗಳುಗಳ ಹೆಸರಿತ್ತು. ನಮಾಜಿನ ಹೊತ್ತು ಸೂರ್ಯನನ್ನು ಅನುಸರಿಸುತ್ತದೆ, ಚಾಂದ್ರಮಾನ ತಿಂಗಳಲ್ಲಿ ಅದನ್ನು ಗುರುತಿಸಲಾಗದು, ಹಾಗಾಗಿ ಸೌರ ತಿಂಗಳು ಅನಿವಾರ್ಯ. ಆದರೆ ಒಬ್ಬ ಧಾರ್ಮಿಕ ಮನುಷ್ಯ, ಇದು ಅನ್ಯಧರ್ಮದವರ ಅನುಕರಣೆ, ಮಸೀದಿಯೊಳಗೆ ಬೇಡ ಎಂದ. ರೋಮನ್ನರು ಊಟ ಮಾಡುತ್ತಾರೆ, ಸಂತೆಯಲ್ಲಿ ನಡೆದಾಡುತ್ತಾರೆ, ಹಾಗಿದ್ದರೆ ಅದನ್ನೂ ಬಿಟ್ಟುಬಿಡು ಎಂಬರ್ಥದ ಉತ್ತರ ಬೀರೂನಿಯವರಿಂದ ಬಂತು. ಅವರ ನಾಲಿಗೆ ಹರಿತವಾಗಿತ್ತು ಎಂದು ಇಲ್ಲಿ ಹೇಳಿಬಿಡಬೇಕು. ತಮ್ಮ ಜಾಣತನದ ಬಗ್ಗೆ ಸಂಕೋಚವೂ ಇರಲಿಲ್ಲ. ಕಿರಿಯ ಇಬ್ನ್ ಸೀನಾ ಜೊತೆ ನಡೆಸಿದ ಪತ್ರ ಚರ್ಚೆ ಕಾವೇರಿದ್ದೂ ಉಂಟು. ಜ್ಯೋತಿಷ್ಯದಲ್ಲಿ ನಂಬಿಕೆ ಅಷ್ಟಕ್ಕಷ್ಟೇ ಆಗಿದ್ದರೂ ಅದರ ಮೇಲೊಂದು ಪಠ್ಯಪುಸ್ತಕವನ್ನೇ ಬರೆದರು. ಆಸ್ಥಾನದಲ್ಲಿ ಅನ್ನ ಸಿಗಬೇಕಿತ್ತಲ್ಲ! ನಾವು ಆ್ಯಪ್ಟಿಟ್ಯೂಡ್ ಟೆಸ್ಟಿನ ರೈಲು-ಸೇತುವೆ ಲೆಕ್ಕ ಬಿಡಿಸುವ ಹಾಗೆ.

ಮೊದಲು ಕೈಗೂಡದ ಭೂಮಿಯ ಅಳತೆ ಕೈಗೂಡಿದ್ದು ನಂದನಾ ಕೋಟೆಯಲ್ಲಿ. ಈಗಿನ ಪಾಕಿಸ್ತಾನದ ಉಪ್ಪಿನ ಬೆಟ್ಟಸಾಲಿನಲ್ಲಿದೆ ಅದು. ಒಂದು ಕಡೆ ಬೆಟ್ಟ, ಅದರೆದುರು ಬಯಲು. ಬಯಲಿನಲ್ಲಿ ನಡೆದು ಅಳೆಯುವ ಬದಲು ಬೆಟ್ಟ ಹತ್ತಿ ಅಳೆಯುವ ಉಪಾಯ ಅವರದು. ಮೊದಲು ಕೆಳಗಿನ ಎರಡು ಜಾಗಗಳಿಂದ ಶಿಖರದ ಕೋನ ಹಿಡಿದು ಬೆಟ್ಟದ ಎತ್ತರ ಕಂಡರು: ಸುಮಾರು 652 ಮೊಳ. ಆಮೇಲೆ ಮೇಲೆ ಹತ್ತಿ ದಿಗಂತ ನೋಡಿದರು. ಎತ್ತರದಲ್ಲಿ ನಿಂತಾಗ ದಿಗಂತ ನಮ್ಮ ಕಣ್ಣಿನ ಮಟ್ಟಕ್ಕಿಂತ ಒಂಚೂರು ಕೆಳಗಿರುತ್ತದೆ, ಭೂಮಿ ಬಾಗಿದೆಯಲ್ಲ. ಆ ಇಳಿತ 34 ಕಲೆ ಎಂದು ಅಳೆದರು, ಅಂದರೆ ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು. ಎತ್ತರ ಮತ್ತು ಈ ಕೋನ ಇಷ್ಟೇ ಇಟ್ಟುಕೊಂಡು ಭೂಮಿಯ ತ್ರಿಜ್ಯ ಒಂದು ಕೋಟಿ 28 ಲಕ್ಷ ಮೊಳ ಎಂದು ಹೇಳಿದರು.

ಇಂಟರ್ನೆಟ್ಟಿನಲ್ಲಿ ಇದನ್ನು ಪವಾಡದ ಹಾಗೆ ಹಂಚುತ್ತಾರೆ, ಇಂದಿನ ಅಳತೆಗೆ ಕೂದಲೆಳೆಯಷ್ಟು ಹತ್ತಿರ ಎಂದು. ನಾನು ಹಾಗೆ ಹೇಳಲಾರೆ. ಮೊಳದ ಉದ್ದವನ್ನು ಎಷ್ಟೆಂದು ಹಿಡಿಯುತ್ತೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಅವರದೇ ಅಂಕಿಗಳನ್ನು ಕ್ಯಾಲ್ಕುಲೇಟರಿಗೆ ಕೊಟ್ಟರೆ ಒಂದು ಕೋಟಿ 33 ಲಕ್ಷ ಬರುತ್ತದೆ. ಕೊಸೈನಿನ ಬೆಲೆಯಲ್ಲಿ ಆರನೇ ದಶಮಾಂಶ ಸ್ಥಾನ ಅಲುಗಿದರೆ ಸಾಕು, ಲಕ್ಷಗಟ್ಟಲೆ ಮೊಳ ವ್ಯತ್ಯಾಸ. ಕೋನದಲ್ಲಿ ಒಂದು ಕಲೆ ತಪ್ಪಿದರೆ ಉತ್ತರ ಶೇ 6ರಷ್ಟು ಜರುಗುತ್ತದೆ. ಸಾಲದ್ದಕ್ಕೆ ಗಾಳಿಯಲ್ಲಿ ಬೆಳಕು ಬಾಗುವುದರಿಂದ ದಿಗಂತ ಇರುವುದಕ್ಕಿಂತ ಸ್ವಲ್ಪ ಮೇಲೆ ಕಾಣುತ್ತದೆ. ಹಾಗಾಗಿ ಉತ್ತರ ಹತ್ತಿರ ಬಂದದ್ದರಲ್ಲಿ ಅದೃಷ್ಟದ ಪಾಲೂ ಇದೆ. ಆದರೆ ಒಬ್ಬ ಮನುಷ್ಯ ಒಂದು ಬೆಟ್ಟದ ಮೇಲೆ ನಿಂತು ಇಡೀ ಭೂಮಿಯನ್ನು ಅಳೆಯಬಹುದು ಎಂಬ ಯೋಚನೆಯಲ್ಲಿ ಅದೃಷ್ಟ ಏನೂ ಇಲ್ಲ. ಟೋಟಲ್ ಸ್ಟೇಷನ್ ಹೊತ್ತು ಲ್ಯಾಬ್ ಮಾಡುವ ನಮಗೆ ಅದರ ಬೆಲೆ ಗೊತ್ತು.

ಘಜ್ನಿಗೆ ಬಂದ ಮೇಲೆ ಅವರ ಮುಂದೆ ಇನ್ನೊಂದು ಬಾಗಿಲು ತೆರೆಯಿತು. ಭಾರತ. ನಲವತ್ತು ದಾಟಿದ ಮೇಲೆ ಸಂಸ್ಕೃತ ಕಲಿಯಲು ಕುಳಿತರು. ಒಂದೊಂದು ವಸ್ತುವಿಗೆ ಎಷ್ಟೊಂದು ಹೆಸರು ಎಂದು ಗೊಣಗಿಕೊಂಡೇ ಕಲಿತರು. ಪುಸ್ತಕ ಎಲ್ಲಿ ಸಿಗಬಹುದು ಎನಿಸಿದರೆ ಅಲ್ಲಿಗೆ ದುಡ್ಡು, ಶ್ರಮ ಎರಡನ್ನೂ ಸುರಿದರು. ಪತಂಜಲಿಯ ಯೋಗಸೂತ್ರವನ್ನು ಅರಬ್ಬಿಗೆ ತಂದರು. ಯೂಕ್ಲಿಡ್‌ನ ರೇಖಾಗಣಿತವನ್ನು ಸಂಸ್ಕೃತ ಶ್ಲೋಕಗಳಿಗೆ ಇಳಿಸುವ ಸಾಹಸವನ್ನೂ ಮಾಡಿದರು. 1030ರ ಸುಮಾರಿಗೆ ಮುಗಿದ ಭಾರತದ ಮೇಲಿನ ಗ್ರಂಥದಲ್ಲಿ 80 ಅಧ್ಯಾಯಗಳಿವೆ. ಹಿಂದೂಗಳ ನಂಬಿಕೆಗಳನ್ನು ಅವರ ಪುಸ್ತಕಗಳಿಂದಲೇ ತೆಗೆದು ಮುಂದಿಡುತ್ತೇನೆ, ವಾದ ಮಾಡಿ ಗೆಲ್ಲುವುದಕ್ಕಲ್ಲ ಎಂದು ಆರಂಭದಲ್ಲೇ ಸ್ಪಷ್ಟಪಡಿಸುತ್ತಾರೆ. ಒಪ್ಪದ ಕಡೆ ಖಾರವಾಗಿಯೇ ಒಪ್ಪುವುದಿಲ್ಲ. ಆದರೆ ಮಹಮ್ಮದನ ದಾಳಿಗಳು ಈ ದೇಶದ ಸಮೃದ್ಧಿಯನ್ನು ಹಾಳುಗೆಡವಿದವು, ವಿದ್ಯೆ ಕಾಶ್ಮೀರ, ಕಾಶಿಯಂಥ ದೂರದ ಊರುಗಳಿಗೆ ಓಡಿಹೋಯಿತು ಎಂದು ಬರೆದವರೂ ಅವರೇ. ಬರೆದದ್ದು ಎಲ್ಲಿ ಕೂತು? ಅದೇ ಘಜ್ನಿಯಲ್ಲಿ.

ಕನ್ನಡಿಗರಾದ ನಮಗೆ ಆ ಪುಸ್ತಕದಲ್ಲಿ ಒಂದು ಸಣ್ಣ ಉಡುಗೊರೆ ಇದೆ. ಭಾರತದ ಲಿಪಿಗಳನ್ನು ಪಟ್ಟಿ ಮಾಡುವಾಗ ಕರ್ನಾಟ ದೇಶದಲ್ಲಿ ಬಳಸುವ ಕರ್ನಾಟ ಲಿಪಿಯನ್ನೂ ಹೆಸರಿಸುತ್ತಾರೆ. ಸೈನ್ಯಗಳಲ್ಲಿ ಕನ್ನರ ಎಂದು ಹೆಸರಾದ ಯೋಧರು ಆ ನಾಡಿನಿಂದ ಬರುವವರು ಎಂದು ಒಂದು ಮಾತು ಸೇರಿಸುತ್ತಾರೆ. ಅವರು ದಕ್ಷಿಣಕ್ಕೆ ಬಂದವರಲ್ಲ, ಆದರೂ ನಮ್ಮ ಅಕ್ಷರದ ಸುದ್ದಿ ಅವರ ಕಿವಿಗೆ ಬಿದ್ದಿತ್ತು. ಇದನ್ನು ಓದಿದ ದಿನ ನಾನು ರೂಮ್‌ಮೇಟ್‌ನನ್ನು ಎಬ್ಬಿಸಿ ಹೇಳಿದೆ. ಅವನು ಬೈದು ಮಲಗಿದ.

ಇಸ್ಲಾಮಿನಲ್ಲಿ ಯಾವ ಕೆಲಸಕ್ಕೂ ಮೊದಲು ನಿಯ್ಯತ್, ಅಂದರೆ ಸಂಕಲ್ಪ, ಮುಖ್ಯ. ನಮಾಜಿಗೂ, ಉಪವಾಸಕ್ಕೂ ಅದಿಲ್ಲದೆ ಬೆಲೆಯಿಲ್ಲ. ಆ ಪದವೇ ಕನ್ನಡಕ್ಕೆ ಬಂದು ನಿಯತ್ತು ಆಗಿದೆ, ನಾವು ಪ್ರಾಮಾಣಿಕತೆ ಎಂಬರ್ಥದಲ್ಲಿ ಬಳಸುತ್ತೇವೆ. ಬೀರೂನಿಯವರ ಬದುಕು ಓದುವಾಗ ಎರಡೂ ಅರ್ಥ ಒಟ್ಟಿಗೆ ಕಾಣುತ್ತವೆ. ಮೊನ್ನೆ ರಜೆಗೆ ಊರಿಗೆ ಹೋದಾಗ ಅಬ್ಬಾನ ಜೊತೆ ಕೂತು, ಎರಡು ವರ್ಷ ಇಲ್ಲೇ ಸರ್ವೇ ಕೆಲಸ ಮಾಡುತ್ತಾ ಗೇಟ್ ಬರೆಯುತ್ತೇನೆ, ಮನೆಗೆ ದುಡ್ಡೂ ಕಳಿಸುತ್ತೇನೆ ಎಂದು ಹೇಳಿದ್ದೇನೆ. ಅವರು ಇನ್ನೂ ಹೂಂ ಅಂದಿಲ್ಲ. ಹಲಗೆಯ ಹಿಂಬದಿಯಲ್ಲಿ ಗೆರೆ ಎಳೆದ ಕಥೆ ಹೇಳಿದಾಗ ಮಾತ್ರ, ದಾರಕ್ಕೆ ಏನು ತೂಕ ಕಟ್ಟಿದ್ದರು ಎಂದು ಕೇಳಿದರು.

ಮಹಮ್ಮದನ ಮಗ ಮಸೂದ್ ಪಟ್ಟಕ್ಕೆ ಬಂದ ಮೇಲೆ ಬೀರೂನಿಯವರ ದಿನಗಳು ತುಸು ಹಗುರಾದವು. ಖಗೋಳದ ತಮ್ಮ ಅತಿ ದೊಡ್ಡ ಗ್ರಂಥವನ್ನು ಅವನಿಗೆ ಅರ್ಪಿಸಿದರು. ಅವನು ಆನೆ ಹೊರೆಯಷ್ಟು ಬೆಳ್ಳಿ ಕಳಿಸಿದನೆಂದೂ, ಇವರು ಬೇಡವೆಂದು ಖಜಾನೆಗೆ ಮರಳಿಸಿದರೆಂದೂ ಕಥೆ ಇದೆ. 1036ರ ಹೊತ್ತಿಗೆ ತಾವು ಬರೆದ ಪುಸ್ತಕಗಳ ಪಟ್ಟಿ ಮಾಡಿದಾಗ ಅವು ನೂರು ದಾಟಿದ್ದವು. ಕೊನೆಗಾಲದಲ್ಲಿ ಕಣ್ಣು ಮಂಜಾಯಿತು, ಕಿವಿಯೂ ಕೈಕೊಟ್ಟಿತು. ಆಗ ಒಬ್ಬ ಸಹಾಯಕನನ್ನು ಜೊತೆಗಿಟ್ಟುಕೊಂಡು ಕೈಹಾಕಿದ್ದು ಔಷಧಿಗಳ ಪುಸ್ತಕಕ್ಕೆ. ಒಂದೊಂದು ಗಿಡಕ್ಕೆ, ಬೇರಿಗೆ, ಬೀಜಕ್ಕೆ ಬೇರೆ ಬೇರೆ ಭಾಷೆಗಳಲ್ಲಿ ಏನನ್ನುತ್ತಾರೆ ಎಂಬ ವಿವರ ಅದರಲ್ಲಿದೆ. ಕಾತ್ ಊರಿನಲ್ಲಿ ಗ್ರೀಕನನ್ನು ಕೇಳಿ ಬರೆದುಕೊಳ್ಳುತ್ತಿದ್ದ ಹುಡುಗನ ಕೆಲಸ ಸುಮಾರು ಎಪ್ಪತ್ತು ವರ್ಷದ ನಂತರ ಪುಸ್ತಕವಾಯಿತು.

ಅವರು ತೀರಿಕೊಂಡದ್ದು 1048ರಲ್ಲಿ ಎಂದು ಸಾಮಾನ್ಯವಾಗಿ ಬರೆಯುತ್ತಾರೆ, ಇನ್ನೂ ಎರಡು ಮೂರು ವರ್ಷ ಬದುಕಿದ್ದರು ಎನ್ನುವವರೂ ಇದ್ದಾರೆ. ಅವರ ಕೊನೆಯ ದಿನದ ಬಗ್ಗೆ, ನೋಡಲು ಬಂದಿದ್ದ ಒಬ್ಬ ನ್ಯಾಯಶಾಸ್ತ್ರಜ್ಞ ಹೇಳಿದ ಸಂಗತಿ ಹಳೆಯ ಚರಿತ್ರೆಗಳಲ್ಲಿ ಉಳಿದಿದೆ. ಉಸಿರು ಎಳೆಯುತ್ತಿದ್ದ ಬೀರೂನಿ ಅವನನ್ನು ಕಂಡವರೇ, ಆಸ್ತಿ ಹಂಚಿಕೆಯಲ್ಲಿ ಅಜ್ಜಿಯರ ಪಾಲಿನ ಆ ಲೆಕ್ಕವನ್ನು ಹಿಂದೊಮ್ಮೆ ಹೇಳಿದ್ದೆಯಲ್ಲ, ಅದು ಹೇಗೆ ಎಂದು ಕೇಳಿದರು. ಈ ಸ್ಥಿತಿಯಲ್ಲಿ ಇದೆಲ್ಲ ಯಾಕೆ ಎಂದು ಆತ ಮರುಗಿದ. ತಿಳಿಯದೆ ಹೋಗುವುದಕ್ಕಿಂತ ತಿಳಿದು ಹೋಗುವುದು ವಾಸಿಯಲ್ಲವೇ ಎಂಬಂತೆ ಅವರು ಹಟ ಹಿಡಿದಾಗ, ಕೂತು ಲೆಕ್ಕ ಬಿಡಿಸಿ ಹೇಳಿದ. ಬೀರೂನಿ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಮರಳಿ ಒಪ್ಪಿಸಿದರು. ಆತ ಬೀಳ್ಕೊಂಡು ಬೀದಿಗೆ ಇಳಿದಿದ್ದನಷ್ಟೇ, ಹಿಂದಿನಿಂದ ಮನೆಯೊಳಗಿನ ಅಳು ಕೇಳಿಸಿತು.